ಎರಡಂಕಣದ ಮನೆಗೆ ಬಂದ ಬೆಳಕು

ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕಡೆಯ ಹಳೆಯ ಕನ್ನಡ ಮನೆಗಳನ್ನು ಹೊಕ್ಕು ನೋಡಿರಿ. ಬಾಗಿಲ ಮೇಲೆ ಮನೆಯ ಹಿರಿಯನೊಬ್ಬನ ಭಾವಚಿತ್ರ ತೂಗುತ್ತಿರುವುದುಂಟು. ರುಮಾಲು, ಮೀಸೆ, ಕೋಟು ಎಲ್ಲವೂ ಸ್ಪಷ್ಟವಾಗಿರುತ್ತವೆ. ಆ ಹಿರಿಯನ ಮಡದಿಯ ಚಿತ್ರವೆಲ್ಲಿ ಎಂದು ಕೇಳಿದರೆ ಎಷ್ಟೋ ಕಡೆ ಉತ್ತರ ದೊರೆಯದು. ನನ್ನ ಅಜ್ಜಿಯ ಮುಖವನ್ನು ತೋರಿಸುವ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ಇದಕ್ಕೆ ಕಾರಣವನ್ನು ಅರಸುತ್ತ ಹೋದಾಗ ನನಗೆ ಎದುರಾದುದು ಬೆಳಕಿನ ಇತಿಹಾಸ.

ಛಾಯಾಚಿತ್ರಕಲೆಯ ಆರಂಭದಲ್ಲಿ ಬೆಳಕೆಂದರೆ ಸೂರ್ಯನ ಬೆಳಕೇ. ಅದಕ್ಕಾಗಿಯೇ ದೊಡ್ಡ ಚಿತ್ರಶಾಲೆಗಳಿಗೆ ಗಾಜಿನ ಮಾಡನ್ನು ಹೊದಿಸಿ, ಪರದೆಗಳನ್ನು ಎಳೆದು ಸರಿಸಿ ಬಿಸಿಲನ್ನು ಹದಗೊಳಿಸುತ್ತಿದ್ದರು. ಚಿತ್ರ ಬೇಕಾದವರು ಬೆಳಕಿದ್ದಲ್ಲಿಗೆ ಹೋಗಬೇಕಾಗಿತ್ತು. ಮನೆಯಿಂದ ಹೊರಬರಲು ಅನುಕೂಲವಿಲ್ಲದವರಿಗೆ ಚಿತ್ರವೂ ಇರಲಿಲ್ಲ.

ಈ ತೊಡಕನ್ನು ಅರಿತವರಲ್ಲಿ ರಾಜಾ ಲಾಲಾ ದೀನದಯಾಳರು ಒಬ್ಬರು. 1844ರಲ್ಲಿ ಮೇರಠದ ಬಳಿಯ ಸರ್ಧಾನಾದಲ್ಲಿ ಜನಿಸಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತ ಇವರು, ಮುಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಕಾರರಾದರು. ನಮ್ಮ ಈ ಮೂರು ಊರುಗಳೂ ಆಗ ನಿಜಾಮರ ರಾಜ್ಯಕ್ಕೇ ಸೇರಿದ್ದವು. 1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಪರದೆಯಲ್ಲಿರುವ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಚಿತ್ರಶಾಲೆಯೊಂದನ್ನು ತೆರೆದರು. ಅದರ ಹೊಣೆಯನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಕುಳಿತುಕೊಳ್ಳುವವರ ಸಂಕೋಚವನ್ನು ಮೊದಲು ತಿಳಿದು, ಆ ಬಳಿಕ ಕ್ಯಾಮೆರಾ ಹಿಡಿದ ಈ ಕ್ರಮ ಸ್ಮರಣೀಯವಾದುದು. ಆದರೂ ಅದು ಉಳ್ಳವರ ಮನೆಯ ಹೆಂಗಸರಿಗೆ ನಿಲುಕಿದ ಸೌಲಭ್ಯ. ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಹೈದರಾಬಾದು ಬಹುದೂರ.

ಬೆಳಕೇ ಮನೆಗೆ ಬರುವ ದಾರಿ ಬೇರೆ ದೇಶಗಳಲ್ಲಿ ಸಿದ್ಧವಾಗುತ್ತಿತ್ತು. 1864ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಲ್ಫ್ರೆಡ್ ಬ್ರದರ್ಸ್ ಎಂಬುವರು ಮೆಗ್ನೀಸಿಯಮ್ ತಂತಿಯನ್ನು ಉರಿಸಿ ಭಾವಚಿತ್ರ ತೆಗೆದರು. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೇಡಿಕೆ ಎಂಬುವರು ಕ್ಷಣಮಾತ್ರದಲ್ಲಿ ಭುಗ್ಗೆಂದು ಉರಿಯುವ ಪುಡಿಯನ್ನು ಸಿದ್ಧಪಡಿಸಿದರು. ಆ ಸುದ್ದಿಯನ್ನು ಓದಿದ ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್, ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಕತ್ತಲೆ ಕೋಣೆಗಳ ಚಿತ್ರಗಳನ್ನು ತೆಗೆದನು. 1890ರಲ್ಲಿ ಹೊರಬಂದ ಅವನ ಗ್ರಂಥ ಆ ನಗರದ ಕಣ್ಣು ತೆರೆಸಿತು. ಆದರೆ ಒಮ್ಮೆ, ಕುರುಡರು ವಾಸವಾಗಿದ್ದ ಕೋಣೆಯೊಂದರಲ್ಲಿ ಅದೇ ಪುಡಿಯ ಕಿಡಿಯಿಂದ ಬೆಂಕಿ ಹೊತ್ತಿಕೊಂಡಿತು. ರೀಸನೇ ಅದನ್ನು ನಂದಿಸಬೇಕಾಯಿತು. ಅವನ ಕೆಲವು ಚಿತ್ರಗಳಲ್ಲಿ ಜನರು ನಿದ್ದೆಯಿಂದ ಬೆಚ್ಚಿ ಎದ್ದಂತೆ ಕಾಣುತ್ತಾರೆ. ಬೆಳಕು ಬಡವನ ಮನೆಗೆ ಬಂದಿತು, ಆದರೆ ಬಾಗಿಲು ತಟ್ಟದೆ ಬಂದಿತು.

ತರುವಾಯ 1930ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲಾಷ್ ಬಲ್ಬು ಬಳಕೆಗೆ ಬಂದು ಹೊಗೆ ಕಿಡಿಗಳ ಭಯ ತಪ್ಪಿತು. 1931ರಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ವಿದ್ಯುತ್ತಿನಿಂದಲೇ ಮತ್ತೆ ಮತ್ತೆ ಮಿಂಚುವ ದೀಪವನ್ನು ರೂಪಿಸಿದರು. ಶೇಖರಿಸಿಟ್ಟ ವಿದ್ಯುತ್ತು ಕ್ಸೆನಾನ್ ಅನಿಲದ ಮೂಲಕ ಒಮ್ಮೆಲೇ ಹರಿದಾಗ ಹುಟ್ಟುವ ಈ ಬೆಳಕು ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅಡಗಿದೆ.

ಅಂಥದೊಂದು ಪೆಟ್ಟಿಗೆಯನ್ನು ಕೊಂಡು, ನಮ್ಮ ಎರಡಂಕಣದ ಮನೆಯಲ್ಲಿ ತಾಯಿಯ ಚಿತ್ರ ತೆಗೆಯಲು ನಾನೂ ಹೊರಟೆನು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ನೇರವಾಗಿ ಮುಖಕ್ಕೆ ಬೆಳಕು ಹೊಡೆದೆನು. "ಸಿಡಿಲು ಹೊಡದಂಗಾತಲ್ಲೋ ತಮ್ಮಾ!" ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಚಿತ್ರದಲ್ಲಿ ಮುಖ ಸುಣ್ಣ ಬಳಿದಂತೆ, ಬೆನ್ನ ಹಿಂದೆ ಮಸಿಯಂಥ ನೆರಳು. ರೀಸನು ಮಾಡಿದ ತಪ್ಪನ್ನೇ ನಾನು ನನ್ನ ಮನೆಯಲ್ಲಿ ಮಾಡಿದ್ದೆನು.

ಬಳಿಕ ಒಂದೊಂದಾಗಿ ತಿದ್ದಿಕೊಂಡೆನು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂದು ನಾವು ಪಾಠದಲ್ಲಿ ಓದಿದ್ದೇವಷ್ಟೆ. ತಾಯಿಯನ್ನು ಗೋಡೆಯಿಂದ ನಾಲ್ಕಡಿ ಮುಂದಕ್ಕೆ ಕೂರಿಸಿದೆನು. ಹಿಂದಿನ ಗೋಡೆಗೆ ಬೀಳುವ ಬೆಳಕು ತಗ್ಗಿತು, ನೆರಳೂ ಕೆಳಗೆ ಸರಿಯಿತು. ದೀಪವನ್ನು ಪಕ್ಕದ ಸುಣ್ಣದ ಗೋಡೆಯ ಕಡೆಗೆ ತಿರುಗಿಸಿದೆನು. ಗೋಡೆಗೆ ಬಡಿದು ಮರಳಿದ ಬೆಳಕು ಹರಡಿಕೊಂಡು, ಕಿಟಕಿಯ ಬೆಳಕಿನಂತೆ ಮೃದುವಾಯಿತು. ಗೋಡೆ ನೀಲಿಯಾಗಿದ್ದರೆ ಮುಖವೂ ನೀಲಿಗಟ್ಟುತ್ತದೆ. ಆದುದರಿಂದ ಬಿಳಿಯ ಗೋಡೆಯೇ ಮೇಲು. ಇನ್ನೊಂದು ಮಗ್ಗುಲಿಗೆ ಬಿಳಿಯ ಧೋತರವನ್ನು ಇಳಿಬಿಟ್ಟು ಕೆನ್ನೆಯ ನೆರಳನ್ನು ತಿಳಿಗೊಳಿಸಿದೆನು. ಕಡೆಗೆ, "ಅವ್ವಾ, ಈಗ ತೆಗೆಯಲೇನು?" ಎಂದು ಕೇಳಿದೆನು. ಅವಳು ಸೆರಗು ಸರಿಮಾಡಿಕೊಂಡು, "ಹ್ಞೂಂ, ತೆಗಿ" ಎಂದಳು. ಸುಕ್ಕು, ಕುಂಕುಮ, ಕಣ್ಣಿನ ಹೊಳಪು ಎಲ್ಲವೂ ಇದ್ದಂತೆಯೇ ಮೂಡಿದವು.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ಆ ಗಡಿಯ ಸಂಗತಿ ಕಾಗದಪತ್ರಗಳಲ್ಲಿ ದೊರೆಯುತ್ತದೆ. ಆ ಕಾಲವನ್ನು ಬಾಳಿದ ನಮ್ಮ ತಾಯಂದಿರ ಮುಖಗಳು ಮಾತ್ರ ಯಾವ ದಫ್ತರದಲ್ಲಿಯೂ ಸಿಗಲಾರವು. ಪ್ರಿಯ ವಿದ್ಯಾರ್ಥಿಗಳೇ, ಇಂದು ಬೆಳಕು ನಿಮ್ಮ ಅಂಗೈಯಲ್ಲಿದೆ, ಸುಣ್ಣದ ಗೋಡೆಯೂ ಮನೆಯಲ್ಲಿದೆ. ಅಜ್ಜಿ ಇನ್ನೂ ಇರುವಾಗಲೇ ಅವರ ಎದುರು ಕುಳಿತು, ಕೇಳಿ, ಒಂದು ಚಿತ್ರ ತೆಗೆಯಿರಿ. ಅದರ ಹಿಂದೆ ಅವರ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದಿಡಿರಿ.