ಮೀನಿನ ಹೆಸರು, ನದಿಯ ವಿಳಾಸ

ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆಯಲ್ಲಾಗಲಿ ಚೆನ್ನೈನ ಕೊಳತ್ತೂರಿನಲ್ಲಾಗಲಿ ಬಣ್ಣದ ಮೀನಿನ ಅಂಗಡಿಗಳ ಮುಂದೆ ನಿಂತವರು ಒಂದು ಪುಟ್ಟ ಮೀನನ್ನು ಕಂಡಿರಬಹುದು. ಬೆರಳುದ್ದದ ಮೈ, ಅದರ ತುಂಬ ಒತ್ತೊತ್ತಾದ ಪಟ್ಟೆಗಳು, ಬಾಯಿಯ ಬಳಿ ಎಳೆಮೀಸೆ. ಮಾರುವವರು ಅದನ್ನು ‘ಝೀಬ್ರಾ ಲೋಚ್’ ಎನ್ನುತ್ತಾರೆ. ಆ ಹೆಸರು ಮೀನಿನ ಪಟ್ಟೆಯನ್ನು ಹೇಳುತ್ತದೆ, ಊರನ್ನು ಹೇಳುವುದಿಲ್ಲ. ಅದರ ಊರು ಶಿವಮೊಗ್ಗ, ನದಿ ತುಂಗೆ. ಶಾಸ್ತ್ರದ ದಾಖಲೆಗೆ ಅದು ಸೇರಿದ್ದು 1920ರಲ್ಲಿ, ‘ಬೋಟಿಯಾ ಸ್ಟ್ರಿಯಾಟಾ’ ಎಂಬ ಹೆಸರಿನಿಂದ. ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾವ್. ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಆರಂಭವಾದಾಗ ಅದರ ಸಂಪಾದಕರಾದವರೂ ಇವರೇ.

ಮೀನುಗಳ ಪಟ್ಟಿ ಮಾಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ‘ಮತ್ಸ್ಯವಿನೋದ’ ಎಂಬುದೂ ಒಂದು. ಹೆಸರೇ ಹೇಳುವಂತೆ ಅದರ ವಿಷಯ ಅರಸನ ವಿನೋದ, ಗಾಳ ಹಾಕುವ ಆಟ. ಆದರೆ ಆ ಆಟದ ನೆಪದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರು ಬರುತ್ತದೆ. ಕಡಲಿನವು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂಬ ವಿಂಗಡಣೆ ಬರುತ್ತದೆ. ಯಾವುದಕ್ಕೆ ಯಾವ ಆಹಾರ ಹಿತ ಎಂಬ ವಿವರವೂ ಬರುತ್ತದೆ. ಮೀನು ಸಾಕುವ ಇಂದಿನ ಹವ್ಯಾಸಿಯು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದೂ ಬಹುಮಟ್ಟಿಗೆ ಇದನ್ನೇ. ಪ್ರಾಣಿಶಾಸ್ತ್ರಜ್ಞ ಸುಂದರ ಲಾಲ್ ಹೋರಾ ಅವರು ಈ ಅಧ್ಯಾಯವನ್ನು ಕುರಿತು 1951ರಲ್ಲಿ ಪ್ರಬಂಧ ಬರೆದು, ಅರಸನ ವಿನೋದವನ್ನು ಮತ್ಸ್ಯಶಾಸ್ತ್ರದ ಚರ್ಚೆಗೆ ತಂದರು. ಅದೇ ವರ್ಷ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ತೆರೆಯಿತು. ವಿನೋದವೂ ವಿದ್ಯೆಯೂ ಒಂದೇ ಗಾಜಿನ ಹಿಂದೆ ನಿಂತವು.

ನಡುವೆ ಇನ್ನೊಂದು ಪಟ್ಟಿಯ ಕಥೆಯಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ ನಮ್ಮ ಇತಿಹಾಸಪ್ರಿಯರಿಗೆ ಪರಿಚಿತರು. ಅವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಾಳಿ, 1822ರಲ್ಲಿ ಗಂಗಾನದಿಯ ಮೀನುಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. 1815ರಲ್ಲಿ ಅವರು ಭಾರತ ಬಿಡುವಾಗ ಅವರ ಚಿತ್ರಗಳನ್ನು ಗವರ್ನರ್ ಜನರಲ್ ಕಲ್ಕತ್ತೆಯಲ್ಲೇ ತಡೆಹಿಡಿದಿದ್ದರು. ಆದರೂ ಗ್ರಂಥ ನಿಂತಿತು. ಬೆಸ್ತರ ಬಾಯಿಯ ಹೆಸರುಗಳನ್ನು ಅವರು ಕೇಳಿ ಬರೆದುಕೊಂಡಿದ್ದರು; ರೋಹಿತ, ಕಾಟ್ಲಾ ಮೊದಲಾದ ಹೆಸರುಗಳು ಲ್ಯಾಟಿನ್ ವೇಷ ತೊಟ್ಟು ಶಾಸ್ತ್ರನಾಮಗಳಾದವು. ಹೀಗೆ ಸೋಮೇಶ್ವರನ ಪಟ್ಟಿಯಲ್ಲಿದ್ದ ‘ರೋಹಿತ’ ಏಳು ಶತಮಾನಗಳ ಬಳಿಕ ಜಗತ್ತಿನ ಪಟ್ಟಿಗೂ ಸೇರಿತು. ಇಂದು ಪ್ರಯೋಗಾಲಯಗಳಲ್ಲೆಲ್ಲ ಈಜುತ್ತಿರುವ ಝೀಬ್ರಾ ಮೀನಿಗೂ ಮೊದಲ ವಿವರಣೆ ಆ ಗ್ರಂಥದ್ದೇ.

ಹೆಸರು ತಪ್ಪಿದರೆ ಏನಾಗುತ್ತದೆ? ಸಹ್ಯಾದ್ರಿಯ ಒಂದು ಉದಾಹರಣೆ ಸಾಕು. 1865ರಲ್ಲಿ ಫ್ರಾನ್ಸಿಸ್ ಡೇ ಕೇರಳದ ಹೊಳೆಯ ಒಂದು ಕೆಂಪುಗೆರೆಯ ಮೀನಿಗೆ ಮದರಾಸಿನ ಗವರ್ನರ್ ಡೆನಿಸನ್ ಅವರ ಹೆಸರಿಟ್ಟರು. ಮಾರುಕಟ್ಟೆಯಲ್ಲಿ ಅದು ‘ಮಿಸ್ ಕೇರಳ’ ಎನಿಸಿಕೊಂಡು ದೇಶಾಂತರಗಳಿಗೆ ಹೋಯಿತು. ಅದನ್ನೇ ಹೋಲುವ ಚಾಲಕುಡಿ ಹೊಳೆಯ ಮೀನು ಬೇರೆಯೇ ಪ್ರಭೇದವೆಂದು ಗುರುತಾದದ್ದು 1999ರಲ್ಲಿ. ವ್ಯಾಪಾರದ ಲೆಕ್ಕದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬೆರೆತಿದ್ದವು. ಯಾವ ಹೊಳೆಯಿಂದ ಎಷ್ಟು ಹೋಯಿತೆಂದು ಆ ಸಾಲಿನಿಂದ ಬಿಡಿಸಿ ಹೇಳಲಾಗದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಭಾರತದಿಂದ ಹೊರಹೋದ ಅಲಂಕಾರಮೀನುಗಳಲ್ಲಿ ಅಪಾಯದಲ್ಲಿರುವ 30 ಪ್ರಭೇದಗಳಿಗೆ ಸೇರಿದವೇ 15 ಲಕ್ಷಕ್ಕೆ ಕಡಿಮೆಯಿಲ್ಲ. ನಮ್ಮ ತುಂಗೆಯ ಪಟ್ಟೆಮೀನೂ ಆ ಪಟ್ಟಿಯಲ್ಲಿದೆ. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿ ಬಾಳುವ, ಮನೆಯ ತೊಟ್ಟಿಯಲ್ಲಿ ಸುಲಭವಾಗಿ ಮರಿಯಾಗದ ಈ ಮೀನು ಇಂದು ಅಳಿವಿನಂಚಿನ ಪ್ರಭೇದವೆಂದು ದಾಖಲಾಗಿದೆ.

ದಾಖಲೆ ಮಾತ್ರ ಉಳಿದು ವಸ್ತು ಅಳಿಯುವ ದುಃಖವನ್ನು ನಾರಾಯಣರಾಯರ ಬರಹಗಳೇ ತೋರಿಸುತ್ತವೆ. 1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ಅವುಗಳ ಮೂಲ ಮಾದರಿಗಳು ಈಗ ದೊರೆಯುವುದಿಲ್ಲ. ಕೆಲವು ಹೆಸರುಗಳು ಯಾವ ಕಪ್ಪೆಗೆ ಸಲ್ಲಬೇಕೆಂಬುದೇ ವಿದ್ವಾಂಸರಿಗೆ ತೊಡಕಾಗಿ ಉಳಿದಿದೆ. ಅಂಗಡಿಯ ತೊಟ್ಟಿಯಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು: ಅಲ್ಲಿ ಮೀನು ಕಣ್ಣಮುಂದೆ ಈಜುತ್ತಿದೆ, ಅದರ ದಾಖಲೆ ಕಳೆದುಹೋಗಿದೆ. ಎರಡು ನಷ್ಟಗಳಲ್ಲಿ ಎರಡನೆಯದನ್ನು ತಡೆಯುವುದು ಹವ್ಯಾಸಿಗಳ ಕೈಯಲ್ಲಿದೆ.

ಅದಕ್ಕೆ ಮಾದರಿಯೂ ಉಂಟು. ‘ಕಿಲ್ಲಿ’ ಎಂಬ ಸಣ್ಣ ಮೀನುಗಳನ್ನು ಸಾಕುವ ಸಂಘಗಳಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಪ್ರಭೇದದ ಹೆಸರಿನ ಜೊತೆಗೆ ಅದನ್ನು ಹಿಡಿದ ಹಳ್ಳ ಅಥವಾ ಊರಿನ ಹೆಸರನ್ನೂ ಬರೆಯಬೇಕು. ಮೊಟ್ಟೆಗಳು ಅಂಚೆಯಲ್ಲಿ ದೇಶ ದಾಟಿದರೂ ಆ ಚೀಟಿ ಜೊತೆಯಲ್ಲೇ ದಾಟಬೇಕು. ಒಂದೇ ಪ್ರಭೇದವಾದರೂ ಎರಡು ಊರುಗಳ ಮೀನನ್ನು ಒಂದೇ ತೊಟ್ಟಿಯಲ್ಲಿ ಬೆರೆಸಬಾರದು. ತಲೆಮಾರುಗಳ ಬಳಿಕ ಆ ಹಳ್ಳ ಬತ್ತಿದರೂ, ಅಲ್ಲಿಯದೆಂದು ನಂಬಿಕೆಯಿಂದ ಹೇಳಬಹುದಾದ ಮೀನು ಎಲ್ಲೋ ಒಂದು ತೊಟ್ಟಿಯಲ್ಲಿ ಉಳಿದಿರುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಪದ್ಧತಿಯ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಹೆಸರಿನ ಮುಂದೆ ಊರಿನ ಒಂದಕ್ಷರವನ್ನು ಹೊತ್ತು ಬಂದವರು. ಆ ಊರಿಗೆ ಹೋಗಿ ಎಷ್ಟು ವರ್ಷವಾದರೂ ಅಕ್ಷರವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಹೊಸ ಸಂಘಗಳು ಮೀನಿನ ಪಟ್ಟಿ ಮಾಡುವಾಗ ಬೆಲೆ, ಬಣ್ಣ, ಅಳತೆಗಳ ಪಕ್ಕದಲ್ಲಿ ನದಿಗೂ ಒಂದು ಅಂಕಣ ಬಿಡಲಿ. ಊರು ತಿಳಿಯದ ಮೀನಿಗೆ ಆ ಅಂಕಣ ಖಾಲಿಯಾಗಿಯೇ ಇರಲಿ. ಊಹೆಯಿಂದ ತುಂಬುವುದಕ್ಕಿಂತ ಅದು ಲೇಸು. ಪಟ್ಟೆಮೀನಿನ ಸಾಲಿನಲ್ಲಂತೂ 1920ರ ದಾಖಲೆ ನಮಗಾಗಿ ಮೊದಲೇ ಬರೆದಿಟ್ಟಿದೆ: ತುಂಗಾ ನದಿ, ಶಿವಮೊಗ್ಗ.