ಐನೂರ್ವರಿಂದ ಷೇರುದಾರರವರೆಗೆ

ಸಂಘದ ರಜತ ಮಹೋತ್ಸವ ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, 'ಈಗ ಸದಸ್ಯರು ಎಷ್ಟು ಮಂದಿ?' ಸಹಜವಾದ ಪ್ರಶ್ನೆಯೇ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ವ್ಯಾಪಾರದ ಹಳೇ ಕಥೆ ತಿಳಿದವರು ಇನ್ನೊಂದನ್ನೂ ಕೇಳುತ್ತಾರೆ: ಸೇರಿದವರನ್ನು ಒಟ್ಟಿಗೆ ಹಿಡಿದಿಡುವುದು ಯಾವುದು?

ವರ್ತಕರು ಕೂಡಿ ಸಂಘ ಕಟ್ಟುವುದು ನಮ್ಮ ನಾಡಿಗೆ ಹೊಸತಲ್ಲ. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಸಾವಿರ ವರ್ಷದ ಹಿಂದೆಯೇ ಹೆಸರಾಗಿದ್ದರು. ಹೆಸರಲ್ಲಿ ಐನೂರು, ಆದರೆ ಅವರ ಬಳಗ ದಕ್ಷಿಣ ಭಾರತದ ತುಂಬ ಹರಡಿ ಕಡಲನ್ನೂ ದಾಟಿತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನ, ಅಲ್ಲಿಗೆ ಬರುವ ಹಡಗಿನವರು ಸಂಘಕ್ಕೆ ಕೊಡಬೇಕಾದ ಪಾಲನ್ನು ಗೊತ್ತುಮಾಡುತ್ತದೆ. ನಮ್ಮ ಷೇರು ಹಣದ ಅಜ್ಜ ಅಂತ ಬೇಕಾದರೆ ಅನ್ನಿ! ಅಷ್ಟು ದೂರ ಹರಡಿದವರನ್ನು ಕಟ್ಟಿದ್ದು 'ಬಣಂಜು ಧರ್ಮ' ಎಂಬ ಕಟ್ಟಳೆ. ನಮ್ಮ ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಎಂಬ ವರ್ತಕರ ಕೂಟದ ಹೆಸರೂ ಬರುತ್ತದೆ. ಪಾರಸಿಯ 'ಅಂಜುಮನ್' ಶಬ್ದವೇ ಹೀಗಾಯಿತೆಂದು ವಿದ್ವಾಂಸರ ಮತ. ಭಟ್ಕಳ ವಿಜಯನಗರಕ್ಕೆ ಕುದುರೆ ಇಳಿಯುವ ಬಂದರಾಗಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದರು.

ಇನ್ನು ಕುಮಟಾದ ಮಾತು. 1861ರಿಂದ 1865ರ ತನಕ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು. ಗಾಡಿಗಳು ದೇವಿಮನೆ ಘಟ್ಟ ಇಳಿದವು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿ ಪೇಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು. 1880ರ ದಶಕದಲ್ಲಿ ಮುರ್ಮುಗೋವಾ ಬಂದರಿಗೆ ರೈಲು ಹಾಕಿದರು ನೋಡಿ, ಹತ್ತಿ ಆ ಕಡೆ ತಿರುಗಿತು. ಹೆಸರು ಉಳಿಯಿತು, ವ್ಯಾಪಾರ ಹೋಯಿತು. ಹಾದುಹೋಗುವ ಸರಕನ್ನೇ ನಂಬಿದ ಊರಿನ ಪಾಡು ಇಷ್ಟೇ.

ಇದಕ್ಕೆ ಮದ್ದು ಘಟ್ಟದ ಮೇಲೆ ಸಿಕ್ಕಿತು. 1904ರ ಸಹಕಾರ ಕಾಯಿದೆಯಂತೆ ಸಂಘ ಕಟ್ಟಲು ಹತ್ತು ಜನ ಸಾಕಿತ್ತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಆಗ ಆ ಊರೂ ನಮ್ಮ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಒಬ್ಬೊಬ್ಬನೇ ದಲಾಲರ ಮುಂದೆ ನಿಲ್ಲುವ ಬದಲು ಎಲ್ಲರ ಅಡಿಕೆಯನ್ನು ತಮ್ಮದೇ ಸಂಘದ ಮೂಲಕ ಮಾರುವುದು ಅದರ ಉದ್ದೇಶ. ಇಲ್ಲಿ ಬೆಳೆ, ಬೆಳೆಗಾರ, ಸಂಘ ಮೂರೂ ಊರಿನವೇ.

ಹಾಗಾದರೆ ಸದಸ್ಯತ್ವ ಬೆಳೆಯಬಾರದೇ? ಖಂಡಿತ ಬೆಳೆಯಬೇಕು. ಸಹಕಾರದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದೇ ಅದರ ಮೊದಲ ತತ್ತ್ವ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಹೆಸರಾದ ಅಂಗಡಿ ತೆರೆದವರು ಬರೇ 28 ಮಂದಿ. ಅವರ ನಿಯಮಗಳು ಜಗತ್ತನ್ನೇ ಸುತ್ತಿದವು. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಮೀನು ಮಾರುವವಳೂ ಅಂಗಡಿ ಸಾಹುಕಾರನೂ ಮಹಾಸಭೆಯಲ್ಲಿ ಸಮಾನರು. ಆದರೆ ಚುನಾವಣೆಗೆ ಮಾತ್ರ ಬಂದು, ಸಾಲದ ಕಂತಿಗೆ ಮುಖ ಮರೆಸುವವರಿಂದ ಪುಸ್ತಕ ದಪ್ಪವಾದೀತೇ ಹೊರತು ಸಂಘ ಗಟ್ಟಿಯಾಗದು.

1990ರ ದಶಕದಲ್ಲಿ ಕೊಂಕಣ ರೈಲು ನಮ್ಮ ಮೂರೂ ತಾಲೂಕಿಗೆ ಬಂತು. ಹಿಂದೆ ಕುಮಟೆಯ ವ್ಯಾಪಾರ ಕಸಿದ ರೈಲು ಈಗ ನಮ್ಮ ಮನೆ ಬಾಗಿಲಲ್ಲೇ ಕೂಗುತ್ತದೆ. ಆದರೆ ದಾರಿ ಇನ್ನೊಮ್ಮೆ ಬದಲಾಗದೆಂದು ಯಾರು ಹೇಳಿಯಾರು? ದಾರಿ ತಪ್ಪಿದರೂ ತಪ್ಪದೇ ಉಳಿಯುವುದು ಕೂಡಿ ನಿಂತವರ ಕಟ್ಟಳೆಯೊಂದೇ. ಸುವರ್ಣ ಮಹೋತ್ಸವಕ್ಕೆ ಸದಸ್ಯರು ಎರಡು ಪಟ್ಟು ಆಗಲಿ. ಮಹಾಸಭೆಗೆ ಬರುವವರು ನಾಲ್ಕು ಪಟ್ಟು ಆಗಲಿ.