ದೂರದ ಮಗುವಿಗೊಂದು ಕ್ರಿಸ್‌ಮಸ್ ಉಡುಗೊರೆ

ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರಿಗೆ ಒಂದು ಸಣ್ಣ ಚಿಂತೆ ಹತ್ತಿಕೊಳ್ಳುತ್ತದೆ. ಬೇರೊಂದು ನಗರದಲ್ಲಿಯೋ ಬೇರೊಂದು ದೇಶದಲ್ಲಿಯೋ ಬೆಳೆಯುತ್ತಿರುವ ಅಣ್ಣನ ಮಗಳಿಗೆ, ತಂಗಿಯ ಮಗಳಿಗೆ ಕ್ರಿಸ್‌ಮಸ್ಸಿಗೆ ಏನು ಕಳುಹಿಸಬೇಕು? ಹಬ್ಬ ನಮ್ಮ ಮನೆಯದಿರಲಿ ಇಲ್ಲದಿರಲಿ, ಆಕೆಯ ಶಾಲೆಯಲ್ಲಿ, ನೆರೆಹೊರೆಯಲ್ಲಿ ಅದು ಮಕ್ಕಳ ಹಬ್ಬವಾಗಿದೆ. ಉಡುಗೊರೆಯನ್ನು ಆಕೆ ಎದುರು ನೋಡುತ್ತಾಳೆ. ಅಂಗಡಿಗಳಲ್ಲಿ ವಸ್ತುಗಳಿಗೆ ಬರವಿಲ್ಲ. ತೊಡಕಿರುವುದು ಬೇರೆಡೆ. ಕೊನೆಯ ಸಲ ನೋಡಿದಾಗ ಆಕೆಗೆ ಆರು ವರ್ಷ; ಈಗ ಎಂಟು. ಆಕೆಯ ಇಷ್ಟಾನಿಷ್ಟಗಳ ಬಗ್ಗೆ ನಮಗೆ ತಿಳಿದಿರುವುದೆಲ್ಲ ಎರಡು ವರ್ಷ ಹಳೆಯದು. ಈ ತೊಡಕಿಗೆ ಒಂದು ಚರಿತ್ರೆಯಿದೆ. ಅದನ್ನು ತುಸು ಅರಿತರೆ ಆಯ್ಕೆಗೂ ದಾರಿ ಕಂಡೀತು.

ಬಹುಕಾಲ ಕ್ರಿಸ್‌ಮಸ್ ಕಾಲದ ಕೊಡುಗೆ ಕೈಯಿಂದ ಕೈಗೆ ಸಲ್ಲುವ ವಸ್ತುವಾಗಿತ್ತು. ಯೂರೋಪಿನ ಹಲವೆಡೆ ಡಿಸೆಂಬರ್ 6ರ ಸಂತ ನಿಕೋಲಸನ ಹಬ್ಬದಂದು ಮಕ್ಕಳಿಗೆ ಹಣ್ಣು, ಬೀಜ, ಸಿಹಿತಿಂಡಿ ದೊರೆಯುತ್ತಿದ್ದವು. ಮತಸುಧಾರಣೆಯ ಅನಂತರ ಜರ್ಮನಿಯ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಆ ಕೊಡುಗೆ ಕ್ರಮೇಣ ಕ್ರಿಸ್‌ಮಸ್ಸಿಗೆ ಸರಿಯಿತು. ನಮ್ಮ ಕರಾವಳಿಯಲ್ಲಿ ಆ ಹಳೆಯ ಬಗೆಯ ಕೊಡುಗೆ ಇಂದಿಗೂ ಜೀವಂತವಾಗಿದೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ನೆವ್ರಿ, ಕಿಡಿಯೊ, ಗುಳಿಯೊಗಳನ್ನು ಮಾಡಿ, ಕುಸ್ವಾರ್ ಎಂದು ಕರೆದು, ಜಾತಿಮತದ ಎಣಿಕೆಯಿಲ್ಲದೆ ನೆರೆಮನೆಗಳಿಗೆ ಹಂಚುತ್ತಾರೆ. ಇಂಥ ಕೊಡುಗೆಯಲ್ಲಿ ಮಗುವಿನ ವಯಸ್ಸನ್ನು ಊಹಿಸುವ ಕಷ್ಟವಿಲ್ಲ. ಮಗು ಎದುರಿಗೇ ಇರುತ್ತದೆ.

ದೂರದ ಮಗುವಿಗೆ ಕೊಡುಗೆ ಕಳುಹಿಸುವುದು ಸಾಮಾನ್ಯರ ಕೈಗೆಟುಕಿದ್ದು ಅಂಚೆಯಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಕಾಗದದ ಅಂಚೆವೆಚ್ಚವನ್ನು ದೂರ ಮತ್ತು ಹಾಳೆಗಳ ಸಂಖ್ಯೆಯನ್ನು ನೋಡಿ ನಿಗದಿಪಡಿಸುತ್ತಿದ್ದರು. ಸಾಮಾನ್ಯವಾಗಿ ಅದನ್ನು ತೆರಬೇಕಾದವರು ಪಡೆದವರೇ. ಅಂದರೆ ಅತ್ತೆ ಪ್ರೀತಿಯಿಂದ ಬರೆದ ಉದ್ದದ ಪತ್ರ ಮಗುವಿನ ಮನೆಯವರ ಜೇಬಿಗೆ ಭಾರ. 1840ರ ಜನವರಿ 10ರಂದು ಜಾರಿಗೆ ಬಂದ ಪೆನ್ನಿ ಅಂಚೆ ಇದನ್ನು ತಲೆಕೆಳಗು ಮಾಡಿತು. ಅರ್ಧ ಔನ್ಸ್ ತೂಕದ ಪತ್ರ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಹೋಗತೊಡಗಿತು. 1843ರಲ್ಲಿ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚು ಹಾಕಿಸಿದ. 1883ರ ಆಗಸ್ಟ್‌ನಲ್ಲಿ ಬ್ರಿಟಿಷ್ ಅಂಚೆ ಏಳು ಪೌಂಡ್‌ವರೆಗಿನ ಪಾರ್ಸೆಲ್‌ಗಳನ್ನೂ ಒಯ್ಯಲು ಆರಂಭಿಸಿತು. ಗೊಂಬೆ, ಪುಸ್ತಕ, ಹೆಣೆದ ಉಣ್ಣೆಯ ಟೋಪಿ ಎಲ್ಲವೂ ರೈಲು ಹತ್ತಿದವು. ದೂರದ ತೊಡಕು ಹೀಗೆ ಬಗೆಹರಿಯಿತು. ಕಾಲದ ತೊಡಕು ಹಾಗೆಯೇ ಉಳಿಯಿತು.

ಕಾಲದ ತೊಡಕಿಗೆ ಅತಿ ಪ್ರಸಿದ್ಧ ನಿದರ್ಶನ ಒಂದು ಹಸ್ತಪ್ರತಿ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್, ಅಂದರೆ ಲೂಯಿಸ್ ಕ್ಯಾರಲ್, ಗೆಳೆಯ ಡಕ್‌ವರ್ತ್‌ನೊಡನೆ ಕಾಲೇಜಿನ ಡೀನ್ ಲಿಡೆಲ್‌ರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಗಾಡ್‌ಸ್ಟೋಗೆ ಕರೆದೊಯ್ದ. ದಾರಿಯಲ್ಲಿ ಒಂದು ಕತೆ ಹೇಳಿದ. ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡು ಎಂದು ಕೇಳಿದಳು. ಬರೆದು, ತನ್ನ ಕೈಯಿಂದಲೇ 37 ಚಿತ್ರಗಳನ್ನು ಬಿಡಿಸಿ, ಕ್ರಿಸ್‌ಮಸ್ ಉಡುಗೊರೆಯೆಂದು ನಮೂದಿಸಿ ಅವನು ಅದನ್ನು ಆಲಿಸಳಿಗೆ ಕೊಟ್ಟದ್ದು 1864ರ ನವೆಂಬರ್ 26ರಂದು. ಅಷ್ಟರಲ್ಲಿ ಆಕೆಗೆ ಹನ್ನೆರಡು ತುಂಬಿತ್ತು. 1863ರ ಬೇಸಿಗೆಯಿಂದ ಡೀನರ ಮನೆಯೊಂದಿಗಿನ ಅವನ ಒಡನಾಟವೂ ಸಡಿಲಗೊಂಡಿತ್ತು. ಒಂದೇ ಕಾಲೇಜಿನ ಆವರಣದಲ್ಲಿದ್ದರೂ ಆ ಮಗು ಅವನಿಗೆ ದೂರವಾಗಿತ್ತು.

ಹಸ್ತಪ್ರತಿಯ ಕೊನೆಯ ಪುಟದಲ್ಲಿ ಕ್ಯಾರಲ್ ಆಲಿಸಳ ಒಂದು ಸಣ್ಣ ಫೋಟೊ ಅಂಟಿಸಿದ್ದಾನೆ. ಅದು ಏಳು ವರ್ಷದ ಆಲಿಸ್. ಅದರ ಅಡಿಯಲ್ಲಿ ಅವನೇ ಬಿಡಿಸಿದ ಆಕೆಯ ಮುಖಚಿತ್ರವಿರುವುದು 1977ರಲ್ಲಷ್ಟೇ ಬೆಳಕಿಗೆ ಬಂತು. ಹನ್ನೆರಡರ ಹುಡುಗಿಗೆ ಕೊಟ್ಟ ಪುಸ್ತಕದಲ್ಲಿ ಏಳರ ಮಗುವಿನ ಮುಖ! ಉಡುಗೊರೆ ಸಲ್ಲುತ್ತಿದ್ದುದು ಅವನ ನೆನಪಿನಲ್ಲಿ ನಿಂತುಹೋಗಿದ್ದ ಮಗುವಿಗೆ.

ಇದಕ್ಕೆ ಬೇರೆಯದೇ ಆದ ದಾರಿ ಹಿಡಿದವಳು ಬಿಯಾಟ್ರಿಕ್ಸ್ ಪಾಟರ್. ಹಿಂದೆ ತನಗೆ ಪಾಠ ಹೇಳಿದ್ದ ಆನಿ ಮೂರ್ ಎಂಬಾಕೆಯ ಮಕ್ಕಳಿಗೆ ಆಕೆ ಪತ್ರಗಳನ್ನು ಬರೆಯುತ್ತಿದ್ದಳು. 1893ರ ಸೆಪ್ಟೆಂಬರ್‌ನಲ್ಲಿ ಐದು ವರ್ಷದ ನೋಯೆಲ್ ಕಾಯಿಲೆಯಿಂದ ಮಲಗಿದ್ದಾಗ ಸ್ಕಾಟ್ಲೆಂಡಿನಿಂದ ಅವನಿಗೆ ಬರೆದ ಸಚಿತ್ರ ಪತ್ರವೇ ಮುಂದೆ ಪೀಟರ್ ಮೊಲದ ಕತೆಯಾಯಿತು. 1901ರ ಕ್ರಿಸ್‌ಮಸ್ಸಿಗೆ ಅವನ ತಂಗಿ ಫ್ರೀಡಾಳಿಗೆ ಒಂದು ನೋಟ್‌ಪುಸ್ತಕದಲ್ಲಿ ಕತೆ ಬರೆದು, ಬಣ್ಣದ ಚಿತ್ರ ಹಾಕಿ ಕೊಟ್ಟಳು. ಗ್ಲಾಸ್ಟರಿನ ಬಡ ದರ್ಜಿ ಕಾಯಿಲೆ ಬಿದ್ದಾಗ, ಕ್ರಿಸ್‌ಮಸ್ ಬೆಳಗ್ಗೆ ಮದುವೆಗೆ ಬೇಕಾದ ಅಂಗಿಯನ್ನು ಇಲಿಗಳು ಹೊಲಿದುಕೊಡುವ ಕತೆ ಅದು. ಫ್ರೀಡಾಳಿಗೆ ಕತೆಗಳೆಂದರೆ ಪ್ರೀತಿ. ಆ ದಿನಗಳಲ್ಲಿ ಆಕೆ ಕಾಯಿಲೆ ಬಿದ್ದು ಎದ್ದಿದ್ದಳು. ಅದಕ್ಕಾಗಿಯೇ, ಬೇರೆ ಯಾರೂ ಓದಿರದ ಹೊಸ ಕತೆಯೊಂದನ್ನು ಪಾಟರ್ ಆಕೆಗಾಗಿ ಮಾಡಿದಳು. ಈ ಉಡುಗೊರೆ ಹುಟ್ಟಿದ್ದು ಮಗು ಈ ಡಿಸೆಂಬರಿನಲ್ಲಿ ಹೇಗಿದ್ದಾಳೆ ಎಂಬ ಅರಿವಿನಿಂದ.

ಹಾಗೆಂದು ಕ್ಯಾರಲನದು ವ್ಯರ್ಥವಾದ ಕೊಡುಗೆಯೆನ್ನಲಾಗದು. ಆಲಿಸ್ ಆ ಹಸ್ತಪ್ರತಿಯನ್ನು ಅರವತ್ತು ವರ್ಷಕ್ಕೂ ಮೀರಿ ಕಾಪಾಡಿಕೊಂಡಳು. 1886ರಲ್ಲಿ ಅದರ ಪಡಿಯಚ್ಚನ್ನು ಪ್ರಕಟಿಸಲು ಕ್ಯಾರಲನೇ ಅದನ್ನು ಆಕೆಯಿಂದ ಎರವಲು ಪಡೆಯಬೇಕಾಯಿತು. ಆಕೆಯ ಮೂವರು ಗಂಡುಮಕ್ಕಳಲ್ಲಿ ಇಬ್ಬರು ಮೊದಲ ಮಹಾಯುದ್ಧದಲ್ಲಿ ಮಡಿದರು. 1926ರಲ್ಲಿ ಪತಿ ತೀರಿಕೊಂಡ. ಹಣದ ಅಗತ್ಯ ಬಿದ್ದಾಗ, 1928ರ ಏಪ್ರಿಲ್‌ನಲ್ಲಿ, ಎಪ್ಪತ್ತೈದರ ಆಲಿಸ್ ಅದನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟಳು. ಅಮೆರಿಕದ ವ್ಯಾಪಾರಿಯೊಬ್ಬ 15,400 ಪೌಂಡ್ ಕೊಟ್ಟು ಕೊಂಡ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕದ ಕೆಲವರು ಹಣ ಕೂಡಿಸಿ ಅದನ್ನು ಮತ್ತೆ ಕೊಂಡು, ಹಿಟ್ಲರನನ್ನು ಎದುರಿಸಿ ನಿಂತ ಬ್ರಿಟನ್ನಿನ ಜನರಿಗೆ ಕೃತಜ್ಞತೆಯ ಕಾಣಿಕೆಯಾಗಿ ಒಪ್ಪಿಸಿದರು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಮಗುವಿಗೆಂದು ಮಾಡಿದ ವಸ್ತು ವಿಧವೆಯೊಬ್ಬಳ ಇಳಿವಯಸ್ಸಿಗೆ ಆಸರೆಯಾಗಿ, ಒಂದು ದೇಶ ಮತ್ತೊಂದಕ್ಕೆ ಕೊಟ್ಟ ಉಡುಗೊರೆಯೂ ಆಯಿತು.

ಈ ಎರಡು ಉದಾಹರಣೆಗಳಿಂದ ನಮಗೆ ತೋರುವುದು ಇಷ್ಟು. ದೂರದ ಮಗುವಿಗೆ ಕೊಡುವ ಉಡುಗೊರೆಗಳಲ್ಲಿ ಎರಡು ಬಗೆ: ಇಂದು ತಲುಪುವುದು, ಮುಂದೊಂದು ದಿನ ತಲುಪುವುದು. ಮೊದಲನೆಯದಕ್ಕೆ ಬೇಕಾದುದು ವಿಚಾರಣೆ. ಮಗುವಿಗೆ ಹಲ್ಲು ಬಿದ್ದಿದೆಯೇ, ಹೊಸ ಗೆಳತಿ ಯಾರು, ಯಾವುದಕ್ಕೆ ಹೆದರುತ್ತಾಳೆ ಎಂದು ಫೋನಿನಲ್ಲಿ ಹತ್ತು ನಿಮಿಷ ಕೇಳಿದರೆ ಅಂಗಡಿಯಲ್ಲಿ ಒಂದು ಗಂಟೆ ಅಲೆಯುವುದು ತಪ್ಪುತ್ತದೆ. ಎರಡನೆಯದಕ್ಕೆ ಬೇಕಾದುದು ತಾಳ್ಮೆ.

ಹೊರನಾಡಿನ ನಮಗೆ ಈ ಎರಡನೆಯ ಬಗೆ ಮುಖ್ಯವಾದುದು. ಪುಣೆಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುವ ನಮ್ಮ ಮನೆಯ ಹೆಣ್ಣುಮಕ್ಕಳು ಕನ್ನಡವನ್ನು ಕೇಳಿದರೆ ಬಲ್ಲರು, ಓದಲಾರರು. ಕನ್ನಡದ ಪುಸ್ತಕ ಕಳುಹಿಸಿದರೆ ಅದು ಕಪಾಟಿನಲ್ಲಿ ಮಲಗೀತೆಂಬ ಅಳುಕು ಸಹಜವೇ. ಆದರೆ ಆಲಿಸಳ ಕತೆಯೂ ಮೊದಲು ಕಿವಿಗೆ ಬಿದ್ದದ್ದು, ಪುಟಕ್ಕೆ ಇಳಿದದ್ದು ಅನಂತರ. ಅದೇ ಕತೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದ ನಾ. ಕಸ್ತೂರಿಯವರು ಹುಟ್ಟಿದ್ದು ಕೇರಳದಲ್ಲಿ. ಮೈಸೂರಿಗೆ ಬಂದು ನೆಲೆಸಿ ಕನ್ನಡದ ಹಾಸ್ಯಲೇಖಕರಾದವರು. ಮನೆಮಾತಲ್ಲದ ಕನ್ನಡವನ್ನು ಅವರು ತಮ್ಮದಾಗಿಸಿಕೊಂಡದ್ದನ್ನು ನೆನೆದರೆ, ಮನೆಮಾತಾಗಿರುವ ಕನ್ನಡ ನಮ್ಮ ಮಕ್ಕಳಿಗೆ ತಡವಾಗಿಯಾದರೂ ಒದಗೀತೆಂಬ ಭರವಸೆ ಮೂಡುತ್ತದೆ.

ಆದ್ದರಿಂದ ಈ ಡಿಸೆಂಬರಿನಲ್ಲಿ ನಮ್ಮ ಸಲಹೆ ಇದು. ಮಗು ಈಗ ಬಯಸುವ ಆಟಿಕೆಯನ್ನೋ ಬಣ್ಣದ ಪೆಟ್ಟಿಗೆಯನ್ನೋ ಕಳುಹಿಸಿ. ಅದರೊಡನೆ ನಾಲ್ಕು ಪುಟದ ಒಂದು ಕತೆಯನ್ನು ನಿಮ್ಮ ಕೈಬರಹದಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ, ಆಕೆಯ ಹೆಸರನ್ನೂ ಊರನ್ನೂ ಸೇರಿಸಿ ಬರೆದಿಡಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಕ್ರಿಸ್‌ಮಸ್ ರಾತ್ರಿ ಅದನ್ನು ಫೋನಿನಲ್ಲಿ ಓದಿ ಹೇಳಿ, ಪುಟಗಳನ್ನು ಜೋಪಾನವಾಗಿಡಲು ಆಕೆಯ ತಾಯಿಗೆ ತಿಳಿಸಿ. ಆಟಿಕೆ ಮುರಿದುಹೋದ ಎಷ್ಟೋ ವರ್ಷಗಳ ಮೇಲೆ ಆ ಹುಡುಗಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಅದರಲ್ಲಿ ತನ್ನ ಹೆಸರನ್ನು ತಾನೇ ಓದಿಕೊಂಡಾಳು.